ಬೆಣೆ ಬಿಟ್ಟುಹೋದ ಕಳ್ಳ

"ಸುಮಾ! ಏ ಸುಮಾ! ಲಗೂನ ಬಾ—ಕಳುವಾಗೈತಿ!"

ವಿಜಯದಶಮಿಯ ಮುಂಜಾನೆ ಕೊಟ್ಟೂರಿನ ಹಾಲಸ್ವಾಮಿಯ ಹಿತ್ತಲಿನಿಂದ ಎದ್ದ ಈ ಕೂಗಿಗೆ ಪಕ್ಕದ ಮನೆಯ ಕಿಟಕಿಯೂ ತೆರೆದುಕೊಂಡಿತು. ಹಬ್ಬಕ್ಕೆಂದು ಹಿಂದಿನ ರಾತ್ರಿಯಷ್ಟೇ ಹಗರಿಬೊಮ್ಮನಹಳ್ಳಿಯಿಂದ ಬಂದಿದ್ದ ತಂಗಿ ಸುಮಲತಾ, ಕೈಯಲ್ಲಿದ್ದ ಚಹದ ಲೋಟ ಕೆಳಗಿಡುವುದನ್ನೂ ಮರೆತು ಓಡಿಬಂದಳು.

ಹಾಲಸ್ವಾಮಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಹೊಸ ಬಿಳಿ ಅಂಗಿ, ಬರಿ ಹಣೆ. ಸ್ನಾನ ಮುಗಿಸಿ ದೇವರ ಕೋಣೆಗೆ ಹೋದರೆ, ಮೊನ್ನೆಯಷ್ಟೇ ತಂದಿದ್ದ ವಿಭೂತಿ ಗಟ್ಟಿ ಸವೆದು ಚೂರಾಗಿತ್ತು. "ಹಬ್ಬದ ದಿನ ಮನ್ಯಾಗ ವಿಭೂತಿನೂ ಇಲ್ಲೇನು?" ಎಂದು ಹೆಂಡತಿ ಗುರುಬಸಮ್ಮನ ಮೇಲೆ ರೇಗಿ, ಅದೇ ಸಿಟ್ಟಿನಲ್ಲಿ ಬಂದು ಶೆಡ್ಡಿನ ಬೀಗ ತೆಗೆದಿದ್ದ. ಒಳಗೆ ಕಾಲಿಟ್ಟವನೇ ಕೂಗಿದ್ದ.

"ಏನು ಹೋಗೈತಿ?" ಸುಮಲತಾ ಕೇಳಿದಳು.

"ಫ್ಲೈವೀಲು! ಬಲಗಡಿ ಫ್ಲೈವೀಲು! ನೋಡಲ್ಲಿ, ಎಂಜಿನ್ ಕುಂಟಾಗಿ ನಿಂತೈತಿ."

ಊರಿಗೆ ಹಾಲಸ್ವಾಮಿ ಪಾತ್ರೆ ಅಂಗಡಿಯ ಯಜಮಾನ. ಆದರೆ ಅಂಗಡಿಯ ಶಟರ್ ಎಳೆದ ಮೇಲೆ ಅವನ ಜೀವವೆಲ್ಲ ಈ ತಗಡಿನ ಶೆಡ್ಡಿನಲ್ಲಿ. ಒಂದು ಹಳೆಯ ಲೇಥ್, ಒಂದು ಡ್ರಿಲ್ಲಿಂಗ್ ಯಂತ್ರ, ಕಿಟಕಿಯ ಕೆಳಗೆ ವೈಸ್ ಕೂರಿಸಿದ ಬೆಂಚು. ಪೇಟೆಯಲ್ಲಿ ಸಿಗುವ ಉಪಕರಣವನ್ನೂ ಕೊಳ್ಳದೆ, ತಾನೇ ಉಕ್ಕು ಕೊರೆದು, ಅರ ಹಾಕಿ ಉಜ್ಜಿ, ಕಾಯಿಸಿ ಹದ ಮಾಡಿ ತಯಾರಿಸಿಕೊಳ್ಳುವುದೇ ಅವನ ಚಟ. ಇಸ್ಪೀಟಿನ ಚಟಕ್ಕಿಂತ ವಾಸಿ ಎಂದು ಗುರುಬಸಮ್ಮ ಮೊದಮೊದಲು ಸಮಾಧಾನ ಮಾಡಿಕೊಂಡಿದ್ದಳು. ಸೀರೆಯ ಸೆರಗಿಗೆ ಕಬ್ಬಿಣದ ಸುರುಳಿಗಳು ಸಿಕ್ಕಿಕೊಳ್ಳತೊಡಗಿದ ಮೇಲೆ ಆ ಸಮಾಧಾನವೂ ಹೋಯಿತು.

ಎಷ್ಟೋ ವರ್ಷಗಳ ಸಂಜೆಗಳನ್ನು ಸುರಿದು ಅವನು ಕಟ್ಟಿದ್ದು ಒಂದು ಎಂಜಿನ್. ಹಿಂದೆ ತೋಟದ ಬಾವಿಗಳ ಮೇಲೆ ಡುಗುಡುಗು ಎನ್ನುತ್ತಿದ್ದ ಒಂಟಿ ಸಿಲಿಂಡರಿನ ಎಂಜಿನ್ನಿನ ಸಣ್ಣ ಮಾದರಿ. ಎರಡೂ ಬದಿಗೆ ಪರಾತದಷ್ಟು ಅಗಲದ ಬೀಡುಕಬ್ಬಿಣದ ಫ್ಲೈವೀಲುಗಳು. ಇವತ್ತು ಮುಂಜಾನೆ ಅದು ಮೊದಲ ಸಲ ಶುರುವಾಗಬೇಕಿತ್ತು. ಓಣಿಯ ಮಕ್ಕಳನ್ನೆಲ್ಲ ಕರೆದಾಗಿತ್ತು. ಬಲಗಡೆಯ ಚಕ್ರಕ್ಕೆ ನೇರ ಎದುರಿಗೆ ಅವರಿಗೆಂದು ಚಾಪೆಯನ್ನೂ ಹಾಸಿದ್ದ—ಚಕ್ರ ತಿರುಗುವ ಚೆಂದ ಅಲ್ಲಿಂದಲೇ ಸರಿಯಾಗಿ ಕಾಣುವುದೆಂದು.

"ಯಾರು ಮಾಡ್ಯಾರಂತ ನನಗ ಗೊತ್ತೈತಿ," ಹಾಲಸ್ವಾಮಿ ಹಲ್ಲು ಕಡಿದ. "ಯರ್ರೆಪ್ಪ! ಕೂಡ್ಲಿಗಿ ಯರ್ರೆಪ್ಪ! ಹೊಟ್ಟಿಕಿಚ್ಚು ಅವಗ. ಈಗಿಂದೀಗ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡ್ತೀನಿ."

"ಅವ್ರು ಬ್ಯಾಂಕಿನ ಕ್ಯಾಷಿಯರ್, ಅಣ್ಣ. ಕಳುವಿನ ಕೇಸ್ ಬಿದ್ರ ನೌಕರಿಗೇ ಕುತ್ತು ಬರ್ತೈತಿ. ಗೊತ್ತೈತೋ ಇಲ್ಲೋ?"

"ಬರ್ಲಿ!"

ಯರ್ರೆಪ್ಪನೂ ಇದೇ ಚಟದವನು. ಕೂಡ್ಲಿಗಿಯ ಮನೆಯ ಹಿಂದೆ ಅವನದೂ ಒಂದು ಲೇಥ್ ಇತ್ತು. ಒಂದು ಕಾಲಕ್ಕೆ ಇಬ್ಬರೂ ಒಂದೇ ಎಲೆಯಲ್ಲಿ ಉಣ್ಣುವಷ್ಟು ಸ್ನೇಹಿತರು. ಒಂದೇ ಅಚ್ಚಿನಲ್ಲಿ, ಒಂದೇ ದಿನ ದಾವಣಗೆರೆಯಲ್ಲಿ ಎರಕ ಹೊಯ್ಯಿಸಿ ಎರಡು ಎಂಜಿನ್ನಿನ ಭಾಗಗಳನ್ನು ತಂದಿದ್ದರು—ಒಂದು ಅವನಿಗೆ, ಒಂದು ಇವನಿಗೆ. ಆಮೇಲೊಮ್ಮೆ ಯರ್ರೆಪ್ಪ ನಾಲ್ಕು ಜನರೆದುರು ಹಾಲಸ್ವಾಮಿಯ ಎಂಜಿನ್ನಿನ ಚಕ್ರ ಕೂರುವ ಶಾಫ್ಟಿಗೆ ಸೊಟ್ಟ ಅಳೆಯುವ ಡಯಲ್ ಗೇಜ್ ಹಿಡಿದು, "ಸ್ವಾಮಿ, ಇದು ಕೂದಲೆಳಿಯಷ್ಟು ಸೊಟ್ಟ ಐತಿ ನೋಡು" ಎಂದುಬಿಟ್ಟ. ಹಾಲಸ್ವಾಮಿ ಅವನಿಗೆ ಬಾಗಿಲು ತೋರಿಸಿದ. ತನ್ನ ಕೆಲಸದಲ್ಲಿ ತಪ್ಪು ತೋರಿಸಿದವರನ್ನು ಅವನು ಮತ್ತೆ ಮನೆಗೆ ಸೇರಿಸಿದ್ದೇ ಇಲ್ಲ. ಶಾಫ್ಟನ್ನು ಮಾತ್ರ ಕದ್ದುಮುಚ್ಚಿ ಮತ್ತೊಂದು ಮಾಡಿಕೊಂಡ.

ಸುಮಲತಾ ಅಣ್ಣನನ್ನು ಬಲ್ಲವಳು. ಅವಳ ಕೆಲಸವೂ ಅಂಥದ್ದೇ. ಹರಪನಹಳ್ಳಿಯಿಂದ ಹಡಗಲಿಯವರೆಗೆ ಎಲ್ಲಿ ಗಾಡಿ ಗುದ್ದಿದರೂ ವಿಮೆಯ ಪರವಾಗಿ ಹೋಗಿ, ಲಾರಿ ತಾನಾಗಿ ಮರಕ್ಕೆ ಗುದ್ದಿತೋ ಇಲ್ಲಾ ಗುದ್ದಿಸಿದರೋ ಎಂದು ಪತ್ತೆಹಚ್ಚುವ ಸರ್ವೇಯರ್. ಸುಳ್ಳು ಹೇಳುವ ಮನುಷ್ಯರನ್ನೂ ಸುಳ್ಳು ಹೇಳದ ಕಬ್ಬಿಣವನ್ನೂ ದಿನಾ ನೋಡುತ್ತಿದ್ದಳು.

"ಊಟದ ಹೊತ್ತಿನ ತನಕ ತಡಿ," ಎಂದಳು. "ಅಷ್ಟರಾಗ ಕಳ್ಳನ್ನ ತೋರಸ್ತೀನಿ. ಆಮ್ಯಾಲ ಸ್ಟೇಷನ್ನಿಗೆ ನಾನ ಸ್ಕೂಟಿ ಮ್ಯಾಲ ಕರ್ಕೊಂಡು ಹೋಗ್ತೀನಿ."

ಮಕ್ಕಳು ಒಬ್ಬೊಬ್ಬರಾಗಿ ಬರತೊಡಗಿದ್ದರು. ಎಂಜಿನ್ ಇವತ್ತಿಲ್ಲ ಎಂದು ಅವರಿಗೆ ಹೇಳಿ ಕಳಿಸುವಾಗ ಹಾಲಸ್ವಾಮಿಯ ಮುಖ ಹುಳ್ಳಗಾಗಿತ್ತು.

ಸುಮಲತಾ ಮೊದಲು ಬೀಗ ನೋಡಿದಳು. ಒಂದು ಗೀಚೂ ಇರಲಿಲ್ಲ.

"ಕಡೇಕ ಯಾವಾಗ ನೋಡಿದ್ದಿ ಗಾಲಿನ?"

"ನಿನ್ನಿ ಮಧ್ಯಾಹ್ನ ಇಲ್ಲಿ ಆಯುಧ ಪೂಜಿ ಮಾಡಿದ್ವಿ. ಸಂಜಿಮುಂದ ಅಂಗಡಿ ಪೂಜಿಗೆ ಹೋದೆ. ಹೋಗೋ ಮುಂದ ನಾನ ಬೀಗ ಹಾಕೀನಿ. ಆವಾಗ ಗಾಲಿ ಇತ್ತು."

"ಬೀಗದ ಕೈ?"

"ಒಂದು ನನ್ನ ಉಡದಾರದಾಗ. ಇನ್ನೊಂದು ದೇವರ ಕೋಣ್ಯಾಗ, ಮೊಳಿಗೆ."

"ಯರ್ರೆಪ್ಪನವರ ಕಡೆ?"

ಹಾಲಸ್ವಾಮಿ ಗಂಟಲು ಸರಿಮಾಡಿಕೊಂಡ. "ಇಲ್ಲ. ಆದ್ರ ಬೀಗ ತಗಿಯೋದು ಅವಗೇನು ದೊಡ್ಡದಲ್ಲ. ಕೈ ಚಲೋ ಐತಿ."

"ಅಷ್ಟಾದ್ರೂ ಒಪ್ಕೊಂಡೆಲ್ಲ, ಬಿಡು."

ಅವಳು ಒಳಗೆ ಹೋದಳು. ಬೆಂಚಿನ ಮೇಲೆ ಸುತ್ತಿಗೆ, ಸ್ಪ್ಯಾನರು, ಅರಗಳು ಪೂಜೆಯಲ್ಲಿ ಇಟ್ಟಂತೆಯೇ ಸಾಲಾಗಿ ಕುಳಿತಿದ್ದವು. ಪ್ರತಿಯೊಂದರ ಮೇಲೂ ಒಂದೊಂದು ಚೆಂಡು ಹೂ. ಒಂದೂ ಜಾರಿರಲಿಲ್ಲ. ಹಿತ್ತಾಳೆಯ ಎಣ್ಣೆಬಟ್ಟಲು, ಡಬ್ಬಿಯಲ್ಲಿನ ಮೈಕ್ರೋಮೀಟರ್, ತಾಮ್ರದ ತಂತಿಯ ಸುರುಳಿ—ಎಲ್ಲ ಇದ್ದಲ್ಲೇ ಇದ್ದವು. ಎಂಜಿನ್ನಿನ ಎಡಗಡೆಯ ಚಕ್ರವೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ ಇಟ್ಟುಕೊಂಡು ಶಾಂತವಾಗಿತ್ತು. ಬಲಗಡೆ ಮಾತ್ರ ಬರಿ ಶಾಫ್ಟು.

ಅದರ ಪಕ್ಕದಲ್ಲೇ, ಸ್ಟೂಲಿನ ಮೇಲೆ, ಬಟ್ಟೆಯಲ್ಲಿ ಸುತ್ತಿದ ಬೆರಳುದ್ದದ ಉಕ್ಕಿನ ತುಂಡೊಂದಿತ್ತು. ಸುಮಲತಾ ಬಿಚ್ಚಿದಳು. ಚಕ್ರ ಶಾಫ್ಟಿನ ಮೇಲೆ ಜಾರದಂತೆ, ಎರಡರ ನಡುವೆ ಕೊರೆದ ತೋಡಿಗೆ ಹೊಡೆದು ಬಿಗಿಯುವ ಬೆಣೆ ಅದು. ತೆಳ್ಳಗೆ ಎಣ್ಣೆ ಸವರಿತ್ತು.

"ನೋಡು, ನೋಡು!" ಹಾಲಸ್ವಾಮಿ ಕುಣಿದ. "ಬಿಚ್ಚಿದ ಸಾಮಾನಿಗೆ ಎಣ್ಣಿ ಹಚ್ಚಿ ಬಟ್ಟಿ ಸುತ್ತೋದು ಯರ್ರೆಪ್ಪನ ಚಾಳಿ. ಇನ್ನೇನು ಸಾಕ್ಷಿ ಬೇಕು?"

"ಶತ್ರುವಿನ ಸಾಮಾನು ತುಕ್ಕು ಹಿಡೀಬಾರದಂತ ಎಣ್ಣಿ ಹಚ್ಚೋ ಕಳ್ಳನ್ನ ನಾ ಎಲ್ಲೂ ನೋಡಿಲ್ಲ," ಸುಮಲತಾ ಬೆಣೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. "ಪೆಟ್ಟಿನ ಗುರ್ತೂ ಇಲ್ಲ. ಇದನ್ನ ಎಷ್ಟು ಬಿಗಿ ಹೊಡದಿದ್ದಿ ನೀನು?"

ಹಾಲಸ್ವಾಮಿ ಎದೆ ಉಬ್ಬಿಸಿದ. "ನನ್ನ ಬಿಟ್ರ ಇನ್ನೊಬ್ರ ಕೈಲೆ ಬರಬಾರದು, ಹಂಗ ಹೊಡದೀನಿ. ಓಡೋ ಮುಂದ ಗಾಲಿ ಸಡ್ಲಾದ್ರ ನಾಲ್ಕು ಮಂದ್ಯಾಗ ಮರ್ಯಾದಿ ಏನಾಗಬೇಕು?"

ಅವಳು ಬಗ್ಗಿ ನೆಲ ನೋಡುತ್ತಿದ್ದಳು.

"ಇದೇನು ಬಿಳೀದು?"

"ವಿಭೂತಿ. ಪೂಜಿ ಮುಂದ ಉದುರಿರ್ತೈತಿ."

"ಎಡಗಡಿ ಉದುರಿಲ್ಲ. ಇಲ್ಲಿ ಮಾತ್ರ ರಾಶಿ ಬಿದ್ದೈತಿ."

"ಏ ಸುಮಾ! ನಾ ಗಾಲಿ ಹೋತಂತ ಒದ್ದಾಡಾಕತ್ತೀನಿ. ನೀ ನೋಡಿದ್ರ ಬೂದಿ ಲೆಕ್ಕ ಹಾಕ್ತಿ!"

ಬೆಂಚಿನ ಕೆಳಗಿನಿಂದ ಅವಳು ಒಂದು ಚಿಂದಿ ಎಳೆದು ಮೂಸಿದಳು. ಸೀಮೆಎಣ್ಣೆಯ ವಾಸನೆ.

"ಅದರಾಗೇನೈತಿ? ಪೂಜಿಗೆ ಮೊದ್ಲು ನಾನ ಸೀಮೆಎಣ್ಣಿ ಹಾಕಿ ಗಾಲಿ ಎಲ್ಲಾ ಒರಸೀನಿ."

"ಈ ಬಟ್ಟಿಲೇ?"

ಹಾಲಸ್ವಾಮಿ ನೋಡಿದ. "ಇಲ್ಲ. ನಾ ಒರಸಿದ್ದು ಹಳೇ ಬನೀನಿಲೆ. ಇದು... ಸೀರಿ ತುಂಡು."

"ಹ್ಞೂಂ," ಎಂದಳು ಸುಮಲತಾ. ಅಷ್ಟೇ ಎಂದಳು. ಅಣ್ಣನ ಮುಖವನ್ನೊಮ್ಮೆ ನೋಡಿ ಆ ಚಿಂದಿಯನ್ನು ಮಡಚಿ ಇಟ್ಟುಕೊಂಡಳು.

ಕಿಟಕಿ ತೆರೆದಿದ್ದ ಪಕ್ಕದ ಮನೆಯ ಶ್ರೀನಿವಾಸ ಈಗ ಕಾಂಪೌಂಡಿನ ಮೇಲೆ ಗದ್ದವಿಟ್ಟು ನಿಂತಿದ್ದ. ಶೆಡ್ಡಿನ ಸದ್ದಿಗೆ ತಲೆನೋವೆಂದು ಅವನು ಹಾಲಸ್ವಾಮಿಯೊಂದಿಗೆ ಜಗಳವಾಡಿದ್ದು ಒಂದೆರಡು ಸಲವಲ್ಲ.

"ನಿಮ್ಮ ಮ್ಯಾಲೂ ಅನುಮಾನ ಐತ್ರಿ," ಸುಮಲತಾ ನಗುತ್ತಲೇ ಹೇಳಿದಳು.

"ನನ್ನ ಮ್ಯಾಲೆ? ತಾಯಿ, ನಾ ಕದಿಯೋದಾಗಿದ್ರ ಆ ಸುತ್ತಿಗಿ ಕದೀತಿದ್ದೆ! ಮೊನ್ನಿ ಸಂಜಿಗೆ ನಿಮ್ಮಣ್ಣ ಏನು ಬಡದ್ರು ಅಂತೀರಿ! ಗ್ವಾಡಿ ಮ್ಯಾಲಿನ ನಮ್ಮ ಅಪ್ಪಾರ ಫೋಟೋ ಸೊಟ್ಟ ಆತು."

"ಮೊನ್ನಿ. ನಿನ್ನಿ ಸಂಜಿಗೆ? ನಿನ್ನಿ ಏನಾದ್ರೂ ಬಡಿಯೋ ಸದ್ದು ಕೇಳಿತೇನು?"

"ಇಲ್ರಿ. ನಿನ್ನಿ ಸಂಜಿಮುಂದ ಇಲ್ಲೇ ಕಟ್ಟಿ ಮ್ಯಾಲ ಕುಂತಿದ್ದೆ. ಸುತ್ತಿಗಿ ಸಪ್ಪಳ ಒಂದೂ ಇಲ್ಲ. ಆಹಾ, ಎಷ್ಟು ಹಿತ ಇತ್ತು ಅಂತೀರಿ."

"ಯಾರಾದ್ರೂ ಬಂದಿದ್ರೇನು?"

"ಹಬ್ಬದ ದಿನ ಮಂದಿ ಬರೋದಿಲ್ಲೇನ್ರಿ? ಬೈಕು, ಸ್ಕೂಟಿ ಬಂದ್ವು, ಹೋದ್ವು. ನಾ ಎಣಿಸಿಲ್ಲ."

ಹಾಲಸ್ವಾಮಿಗೆ ಇನ್ನೊಬ್ಬನ ನೆನಪಾಯಿತು. ಹರಪನಹಳ್ಳಿಯ ಕ್ರಾಂತಿಕುಮಾರ್. ಹೆದ್ದಾರಿಯ ಹೋಟೆಲುಗಳ ಅಂಗಳಕ್ಕೆ ಹಳೆಯ ಗಾಡಿ, ಹಳೆಯ ಯಂತ್ರ ಒದಗಿಸುವ ವ್ಯಾಪಾರಿ. ಎಂಜಿನ್ ಕೊಡಿ ಎಂದು ಬಂದಿದ್ದವನನ್ನು ಇವನು ಗದರಿಸಿ ಕಳಿಸಿದ್ದ. ಸುಮಲತಾ ಅಲ್ಲಿಂದಲೇ ಫೋನ್ ಮಾಡಿದಳು.

"ಒಂದು ವೀಲ್ ತಗಂಡು ನಾನೇನು ಮಾಡ್ಲಿ ಮೇಡಂ?" ಆ ಕಡೆಯಿಂದ ದನಿ ಬಂತು. "ಇಡೀ ಎಂಜಿನ್ ಆದ್ರೆ ಹೋಟ್ಲು ಮುಂದೆ ನಿಲ್ಲಿಸಿ ಫೋಟೋ ತೆಕ್ಕಂತಾರೆ. ಒಂದೇ ವೀಲ್ ಇಟ್ರೆ ಪಂಕ್ಚರ್ ಅಂಗ್ಡಿ ಅಂದ್ಕಂತಾರೆ!"

ಸುಮಲತಾ ನಕ್ಕು ಫೋನ್ ಇಟ್ಟಳು. "ಇವ್ರೂ ಅಲ್ಲ."

"ನಾ ಮೊದ್ಲ ಹೇಳಿದೆ. ಯರ್ರೆಪ್ಪ!"

ಅವಳು ಅಡುಗೆ ಮನೆಗೆ ನಡೆದಳು. ಹಾಲಸ್ವಾಮಿಯೂ ಬೆನ್ನ ಹಿಂದೆಯೇ ಹೋದ. ಗುರುಬಸಮ್ಮ ಹೋಳಿಗೆ ಲಟ್ಟಿಸುತ್ತಿದ್ದಳು. ಮುಂಜಾನೆಯಿಂದ ಅವಳು ಹಿತ್ತಲಿಗೆ ಒಮ್ಮೆಯೂ ಬಂದಿರಲಿಲ್ಲ. ಮನೆಯಲ್ಲಿ ಕಳವಾಗಿದೆ ಎಂದರೂ ಬಂದಿರಲಿಲ್ಲ.

"ಅತ್ತಿಗಿ, ನಿನ್ನಿ ಸಂಜಿಗೆ ಶೆಡ್ಡಿನಾಗ ದೀಪ ಹಚ್ಚಿದ್ರೇನು?"

"ಹಚ್ಚಿದೆ. ಪೂಜಿ ಮಾಡಿದಲ್ಲಿ ಸಂಜಿ ದೀಪ ಇಡಬೇಕಲ್ಲ."

"ಆವಾಗ ಗಾಲಿ ಇತ್ತೇನ್ರಿ?"

ಲಟ್ಟಣಿಗೆ ಒಂದು ಕ್ಷಣ ನಿಂತು ಮತ್ತೆ ಉರುಳಿತು. "ಇತ್ತು."

"ಮತ್ತ ವಿಭೂತಿ ಹಚ್ಚಿದ್ರೇನು ಅದಕ್ಕ?"

"ಏನಾರ ಕೇಳ್ತಿಯಲ್ಲ ಸುಮಾ! ಒಲಿ ಮ್ಯಾಲ ಹೋಳಿಗಿ ಹೊತ್ತಾಕತ್ತೈತಿ, ಸರಿ ಅತ್ತಾಗ." ಹೆಂಚಿನ ಮೇಲೆ ಹೋಳಿಗೆಯೇ ಇರಲಿಲ್ಲ.

ಹಾಲಸ್ವಾಮಿಯ ತಾಳ್ಮೆ ಮುಗಿದಿತ್ತು. "ಬೂದಿ, ಚಿಂದಿ, ದೀಪ! ಇದೇನು ತನಿಖಿ ಇದು?" ಎಂದವನೇ ಪಡಸಾಲೆಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ.

"ಅಣ್ಣ, ನಿಲ್ಲು. ಕಳ್ಳ ಸಿಕ್ಕ."

ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಹಾಲಸ್ವಾಮಿ ಚಪ್ಪಲಿಯಲ್ಲೇ ಕುರ್ಚಿಗೆ ಕುಸಿದ.

"ಮೊದ್ಲನೇದು, ಬೀಗ," ಸುಮಲತಾ ಎದುರಿಗೆ ಕುಳಿತಳು. "ಬೀಗದ ಕೈಯಿಂದ್ಲೇ ತಗದು, ಅದರಿಂದ್ಲೇ ಹಾಕ್ಯಾರ. ಅಂದ್ರ ಮನಿಯವರು ಒಬ್ರು ಅದಾರ. ಎರಡನೇದು, ಬಲಗಡಿ ಗಾಲಿ ಒಂದೇ ಹೋಗೈತಿ. ಮೈಕ್ರೋಮೀಟರ್ ಬ್ಯಾಡ, ತಾಮ್ರ ಬ್ಯಾಡ, ಎಡಗಡಿ ಗಾಲಿನೂ ಬ್ಯಾಡ. ಆ ಗಾಲಿಯಾಗ ಅಂಥಾದ್ದೇನಿತ್ತು?"

"ಏನಿತ್ತು?"

"ಅದನ್ನ ಬೆಣಿ ಹೇಳ್ತು. ಗ್ವಾಡಿ ಅಲುಗೋ ಹಂಗ ನೀ ಹೊಡದ ಬೆಣಿ, ಮರುದಿನ ಒಂದು ಪೆಟ್ಟಿಲ್ಲದ, ಸದ್ದಿಲ್ಲದ ಹೊರಗ ಬಂದೈತಿ. ಯಾಕ ಬಂತು? ಹಿಡ್ಕೊಂಡಿದ್ದು ಬಿಟ್ಟಿತ್ತು, ಅದಕ್ಕ ಬಂತು. ಅಷ್ಟು ಬಿಗಿ ಹೊಡದಿದ್ದಕ್ಕ ಗಾಲಿ ನಡುವಿನ ಗುಂಬ ಸೀಳಿ ಬಾಯಿ ಬಿಟ್ಟಿತ್ತು, ಅಣ್ಣ."

ಹಾಲಸ್ವಾಮಿ ಎದ್ದ. "ಸುಳ್ಳು! ನಾ ಕಣ್ಣಾರೆ ನೋಡೀನಿ. ಒಂದು ಗೀರೂ ಇರ್ಲಿಲ್ಲ."

"ಕೂದಲಿಗಿಂತ ಸಣ್ಣ ಸೀಳು ಬರಿಗಣ್ಣಿಗೆ ಕಾಣಂಗಿಲ್ಲ. ಅದಕ್ಕ ಗ್ಯಾರೇಜಿನಾಗ ಏನ್ ಮಾಡ್ತಾರ? ಸೀಮೆಎಣ್ಣಿ ಹಚ್ಚಿ, ಸ್ವಚ್ಛ ಒರಸಿ, ಬಿಳೀ ಪುಡಿ ಬಳೀತಾರ. ಸೀಳಿನಾಗ ಕುಂತ ಎಣ್ಣಿ ನಿಧಾನಕ್ಕ ಹೊರಗ ಬಂದು ಪುಡಿ ಮ್ಯಾಲ ಗೆರಿ ಎಳೀತೈತಿ. ಎಷ್ಟು ಎಂಜಿನ್ ಬ್ಲಾಕು ನಾ ಹಂಗ ನೋಡೀನಿ! ನಿನ್ನಿ ಮುಂಜಾನಿ ಸೀಮೆಎಣ್ಣಿ ಹಚ್ಚಿ ಒರಸಿದ್ದು ಯಾರು?"

"...ನಾನ."

"ಅದರ ಮ್ಯಾಲ ಬಿಳೀ ಪುಡಿ ಬಳದವರು ಯಾರು?"

ಹಾಲಸ್ವಾಮಿಯ ಕೈ ತಾನಾಗಿ ತನ್ನ ಬರಿ ಹಣೆಗೆ ಹೋಯಿತು.

"ವಿಭೂತಿ," ಎಂದಳು ಸುಮಲತಾ. "ಗಟ್ಟಿ ಸವದಿದ್ದಕ್ಕ ಮುಂಜಾನಿ ನೀ ರೇಗಿದಿ. ಯಾಕ ಸವೀತು ಅಂತ ಕೇಳ್ಲಿಲ್ಲ. ಪೂಜಿಗೆ ಹಚ್ಚಿದ ವಿಭೂತಿ ಒಣಗಿದ ಮ್ಯಾಲ ಅದರಾಗ ಕರೀ ಗೆರಿ ಕಂಡೈತಿ. ಕಂಡವರು ಸುಮ್ಮನ ಬಿಡಲಿಲ್ಲ. ಸೀರಿ ತುಂಡಿಲೆ ಒರಸಿ, ಮತ್ತ ಸೀಮೆಎಣ್ಣಿ, ಮತ್ತ ವಿಭೂತಿ. ಮತ್ತೂ ಅಲ್ಲೇ ಗೆರಿ. ನೆಲದ ಮ್ಯಾಲಿನ ರಾಶಿ ಅದು. ಪೂಜಿ ಕಸ ಅಂತ ನೀ ಅದನ್ನ ತುಳ್ಕೊಂಡು ಅಡ್ಡಾಡಿದಿ."

ಅಡುಗೆ ಮನೆಯ ಬಾಗಿಲಲ್ಲಿ ಗುರುಬಸಮ್ಮ ಬಂದು ನಿಂತಿದ್ದಳು. ಕೈಗೆಲ್ಲ ಹಿಟ್ಟು.

"ಕಳ್ಳರು ಇಬ್ರು," ಸುಮಲತಾ ಮೆಲ್ಲಗೆ ಹೇಳಿದಳು. "ಒಬ್ರು ಅತ್ತಿಗಿ. ಆದ್ರ ಅಷ್ಟು ಭಾರದ ಗಾಲಿ ಒಬ್ರೇ ಇಳಸಾಕ ಆಗಂಗಿಲ್ಲ. ನಿನ್ನ ಸಾಮಾನಿನ ಮ್ಯಾಲಿನ ಹೂ ಒಂದೂ ಅಲುಗಿಲ್ಲ. ಪೂಜಿಗಿಟ್ಟ ಆಯುಧ ಮುಟ್ಟಬಾರದಂತ, ಬೆಣಿ ಎಳೆಯೋ ಸಾಮಾನು ತನ್ನದ ತಂದಾನ ಇನ್ನೊಬ್ಬ. ಬೆಣಿಗೆ ಎಣ್ಣಿ ಹಚ್ಚಿ ಇಟ್ಟು ಹೋಗ್ಯಾನ. ಅವನ ಹೆಸರು ನೀನ ಹೇಳಿದಿ, ಅಣ್ಣ. ಮುಂಜಾನಿಯಿಂದ ನೀ ಹೇಳಿದ್ದು ಖರೇನ. ಅವ ಯಾಕ ಬಂದ ಅನ್ನೋದು ಮಾತ್ರ ತಪ್ಪು."

ಹಾಲಸ್ವಾಮಿ ಹೆಂಡತಿಯತ್ತ ತಿರುಗಿದ. "ನನಗೊಂದು ಮಾತು ಹೇಳಬಾರದಿತ್ತೇನು?"

"ಹೇಳಿದ್ನಲ್ರಿ," ಗುರುಬಸಮ್ಮ ಹೇಳಿದಳು. "ಅಂಗಡಿಗೆ ಹೊಂಟಾಗ ಬಾಗಿಲದಾಗ ನಿಂತು, 'ಆ ಗಾಲಿ ಮ್ಯಾಲ ಗೆರಿ ಮೂಡೈತಿ, ಒಂದೀಟು ನೋಡ್ರಿ' ಅಂದೆ. 'ನೀ ಹೋಳಿಗಿ ಕಡೆ ನೋಡ್ಕೋ' ಅಂದ್ರಿ."

ಅಂದಿದ್ದ. ನೆನಪಿಗೆ ಬಂತು. ತಿರುಗಿಯೂ ನೋಡದೆ ಅಂದಿದ್ದ.

"ಮಕ್ಕಳನ್ನ ಅದರ ಎದುರಿಗೇ ಕುಂದ್ರಸ್ತೀನಿ ಅಂತಿದ್ರಿ. ನನಗ ಕೈಕಾಲು ಆಡ್ಲಿಲ್ಲ. ಯರ್ರೆಪ್ಪಣ್ಣಗ ಫೋನ್ ಮಾಡಿದೆ. ಇನ್ನೊಮ್ಮಿ ಒರಸಿ ಹಚ್ಚಿ ನೋಡ್ರಿ ಅಂದ. ಮತ್ತ ಅಲ್ಲೇ ಬಂತು. ಹಂಗ ಬೈಕ್ ಹಾಕ್ಕೊಂಡು ಬಂದ. ನೋಡಿದವನ ಮುಖ ಬಿಳಿಚಿ ಹೋತು. 'ನಾ ಹೇಳಿದ್ರ ಸ್ವಾಮಿ ಹಟಕ್ಕ ಬಿದ್ದು ಓಡಸೇ ಓಡಸ್ತಾನ. ಗಾಲೀನ ಇಲ್ಲದಿದ್ರ ಓಡಸಂಗಿಲ್ಲ' ಅಂದ."

"ಎಲ್ಲೈತಿ ಅದು?"

ಮದುವೆಯ ಅಡುಗೆಗೆ ಬಾಡಿಗೆ ಕೊಡುವ ದೊಡ್ಡ ಕೊಪ್ಪರಿಗೆ ಉಗ್ರಾಣದಲ್ಲಿ ಬೋರಲು ಬಿದ್ದಿತ್ತು. ಅದರ ಕೆಳಗಿನಿಂದ ಚಕ್ರ ಹೊರಗೆ ಬಂತು. ಬೆಣೆಯ ತೋಡಿನ ಮೂಲೆಯಿಂದ ಹೊರಟ ಕರಿ ಗೆರೆಯೊಂದು ವಿಭೂತಿಯ ಬಿಳುಪನ್ನು ಹಾದು ಗುಂಬದ ಅಂಚಿನವರೆಗೂ ಹರಿದಿತ್ತು. ಆದರೂ ಹಾಲಸ್ವಾಮಿಯ ತಲೆ ಇನ್ನೂ ಅಡ್ಡಡ್ಡ ಆಡುತ್ತಿತ್ತು.

ಸುಮಲತಾ ಚಕ್ರಕ್ಕೆ ಹಗ್ಗ ಹಾಕಿಸಿದಳು; ಮೂವರೂ ಸೇರಿ ಅದನ್ನು ತೊಲೆಯ ಕೊಂಡಿಗೆ ತೂಗಿಬಿಟ್ಟರು.

"ಅಂಗಡಿಗೆ ಕಂಚಿನ ಗಂಗಾಳ ಬಂತಂದ್ರ ಮೊದ್ಲು ಏನ್ ಮಾಡ್ತಿ, ಅಣ್ಣ?"

"ಬಡದು ನೋಡ್ತೀನಿ."

"ಇದನ್ನ ಬಡದು ನೋಡಿದ್ದೇನು?"

ಪರರ ಪಾತ್ರೆಯನ್ನೆಲ್ಲ ಬಡಿದು ನೋಡುವ ಹಾಲಸ್ವಾಮಿಗೆ ತಾನೇ ಮಾಡಿದ್ದನ್ನು ಬಡಿದು ನೋಡುವ ಅಗತ್ಯವೇ ಕಂಡಿರಲಿಲ್ಲ. ಗುರುಬಸಮ್ಮ ಕೊಟ್ಟ ಮರದ ಸೌಟಿನಿಂದ ಈಗ ಬಡಿದ. ಗಂಟೆಯಂತೆ ಮೊಳಗಬೇಕಿದ್ದ ಕಬ್ಬಿಣ 'ಥಡ್' ಎಂದು ಸತ್ತುಹೋಯಿತು. ಇನ್ನೊಮ್ಮೆ ಬಡಿದ. ಮತ್ತೆ 'ಥಡ್'.

ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಎಂಜಿನ್ ಜೋರು ಹಿಡಿದ ಗಳಿಗೆಯಲ್ಲಿ ಆ ಗುಂಬ ಸೀಳಿದ್ದರೆ? ಚಕ್ರ ಎದುರಿಗೆ ಹಾರಿದ್ದರೆ? ಎದುರಿಗಿದ್ದದ್ದು ಚಾಪೆ.

ಅವನು ಗೋಡೆ ಹಿಡಿದು ನೆಲಕ್ಕೆ ಕುಳಿತ. ಆಮೇಲೆ ಹೆಂಡತಿಯ ಹಿಟ್ಟಿನ ಕೈಗಳನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. "ಗುರುಬಸವ್ವಾ, ನೀ ನನ್ನ ಉಳಿಸಿದಿ," ಎಂದ. "ನಾ ಬದುಕಿರೋತನಕ ನೆಮ್ಮದಿಲೆ ಅನ್ನ ತಿನ್ನೋ ಹಂಗ ಉಳಿಸಿದಿ."

"ಸಾಕು ಏಳ್ರಿ," ಎಂದಳು ಅವಳು. ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಹಿಟ್ಟು ಮೆತ್ತಿಕೊಂಡಿತು. "ಮೊದ್ಲು ಅವನ ಕಡೆ ಹೋಗ್ರಿ."

ಸ್ಟೇಷನ್ನಿಗೆಂದು ಮೆಟ್ಟಿದ್ದ ಚಪ್ಪಲಿಯಲ್ಲೇ ಹಾಲಸ್ವಾಮಿ ಕೂಡ್ಲಿಗಿಗೆ ಹೊರಟ.

ಯರ್ರೆಪ್ಪನ ಮನೆ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಓಣಿಯ ತುಂಬ ಜನ ಒಬ್ಬರಿಗೊಬ್ಬರು ಬನ್ನಿ ಕೊಡುತ್ತ ಅಡ್ಡಾಡುತ್ತಿದ್ದರು. ದಾರಿಯಲ್ಲಿ ಕಿತ್ತ ನಾಲ್ಕು ಎಲೆ ಹಾಲಸ್ವಾಮಿಯ ಮುಷ್ಟಿಯಲ್ಲಿ ಬಾಡಿದ್ದವು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಹಿತ್ತಲಿನ ಲೇಥಿನ ಸದ್ದು ಕೇಳಿದ್ದೇ ತಡ ಮರೆತುಹೋಯಿತು.

ಯರ್ರೆಪ್ಪ ಬೆನ್ನು ತಿರುಗಿಸಿ ನಿಂತಿದ್ದ. ಮೊಣಕೈವರೆಗೂ ಬೀಡುಕಬ್ಬಿಣದ ಕರಿ ಪುಡಿ. ಲೇಥಿನಲ್ಲಿ ತಿರುಗುತ್ತಿದ್ದದ್ದು ಒಂದು ಫ್ಲೈವೀಲು. ಅವನದೇ ಎಂಜಿನ್ನಿನದು, ಒಂದೇ ಅಚ್ಚಿನಲ್ಲಿ ಒಂದೇ ದಿನ ಹೊಯ್ಯಿಸಿದ್ದು. ಉಳಿ ಅದರ ನಡುವಿನ ತೂತನ್ನು ಅಗಲ ಮಾಡುತ್ತಿತ್ತು.

ಹಾಲಸ್ವಾಮಿಗೆ ಒಂದೇ ನೋಟಕ್ಕೆ ತಿಳಿಯಿತು. ತನ್ನ ಶಾಫ್ಟು ದಪ್ಪ. ಗಟ್ಟಿಯಿರಲಿ ಎಂದು ದಪ್ಪ ಮಾಡಿದ್ದು. ಯರ್ರೆಪ್ಪನದು ಸಣ್ಣದು. ಕೊರೆದು ತೆಗೆದ ಕಬ್ಬಿಣವನ್ನು ಯಾರೂ ಮತ್ತೆ ಹಚ್ಚಲಾರರು. ಆ ಚಕ್ರ ಇನ್ನು ಯರ್ರೆಪ್ಪನ ಎಂಜಿನ್ನಿಗೆ ಕೂರುವುದಿಲ್ಲ.

"ಲೇ ಯರ್ರೆಪ್ಪ! ನಿಲ್ಸೋ! ನಿಲ್ಸೋ ಅದನ್ನ!"

ಯರ್ರೆಪ್ಪ ಬೆಚ್ಚಿ ಸ್ವಿಚ್ ಒತ್ತಿ ತಿರುಗಿದ. ಬಾಗಿಲಲ್ಲಿ ನಿಂತಿದ್ದವನು ಹಾಲಸ್ವಾಮಿ. ಪೊಲೀಸರು ಹಿಂದೆ ಬಂದಿದ್ದಾರೋ ಎಂಬಂತೆ ಅವನ ಹೆಗಲಾಚೆಗೊಮ್ಮೆ ನೋಡಿದ.

"ನಿನ್ನ ಗಾಲಿ, ಯರ್ರೆಪ್ಪ. ನಿನ್ನ ಎಂಜಿನ್ನಿಗೆ ಏನ್ ಹಾಕ್ತಿ?"

"ಆಗ್ಲೇ ಕೊರದಾಗೈತಿ, ಸ್ವಾಮಿ." ಯರ್ರೆಪ್ಪ ಕೈ ಒರೆಸಿಕೊಳ್ಳಲು ಚಿಂದಿ ಹುಡುಕಿದ. "ನಿನಗ ಕೂಡೋ ಹಂಗ ಮಾಡೀನಿ. ಅಲ್ಲಿ ಮಕ್ಕಳು ಕಾಯಾಕತ್ತಾವಂತ ಅಕ್ಕಾರು ಅಂದ್ರು. ನನ್ನದಕ್ಕ ಯಾರೂ ಕಾಯಾಕತ್ತಿಲ್ಲ. ಇನ್ನೊಂದು ಎರಕ ಹೊಯ್ಸಿದ್ರಾತು."

ಹಾಲಸ್ವಾಮಿ ಚಿಂದಿಗಾಗಿ ಕಾಯಲಿಲ್ಲ. ಆ ಕರಿ ಕೈಗಳನ್ನು ಬನ್ನಿ ಎಲೆಯ ಸಮೇತ ಹಿಡಿದು ಎದೆಗೆ ಒತ್ತಿಕೊಂಡ. ಹೊಸ ಬಿಳಿ ಅಂಗಿಯ ಮೇಲೆ ಹತ್ತೂ ಬೆರಳು ಮೂಡಿದವು.

"ಓಣಿ ಮಕ್ಕಳು ಈಗ ಮನಿ ಮುಂದ ಆಡಾಕತ್ತಾವು, ಯರ್ರೆಪ್ಪ," ಎಂದ. "ನಾ ಬರೋ ಮುಂದ ನೋಡಿದೆ. ಒಂದು ಮಗಾನೂ ಕಮ್ಮಿ ಇಲ್ಲ."